ಬೆಟ್ಟಕ್ಕೆ ಜೆಸಿಬಿ ಹತ್ತಿಸುವ ಮೊದಲು: ಘಟ್ಟದ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಒಗಳಿಗೆ, ಜೊತೆಗೆ ನಮ್ಮ ಸೀಮೆಯ ಎಲ್ಲ ಊರವರಿಗೆ,

ನಮಸ್ಕಾರ.

ಅಡಿಕೆ ಗೊನೆಯ ಕೊಯ್ಲು, ನಮ್ಮ ಮಾತಲ್ಲಿ ಕೊನೆ ಕೊಯ್ಲು, ಮುಗಿಯುತ್ತ ಬಂತು. ಅಂಗಳದ ತುಂಬ ಅಡಿಕೆ ಹರವಿದೆ. ನಿಮ್ಮ ಕಚೇರಿಗಳಲ್ಲಿ ಮುಂದಿನ ವರ್ಷದ ಕ್ರಿಯಾಯೋಜನೆಯ ಕೆಲಸ ನಡೆದಿರಬೇಕು. ಯಾವ ರಸ್ತೆ ಅಗಲ ಮಾಡೋದು, ಯಾವ ಬೆಟ್ಟದಲ್ಲಿ ಎಷ್ಟು ಇಂಗುಗುಂಡಿ ತೋಡೋದು, ಯಾವ ಕೇರಿಗೆ ಮೋರಿ ಹಾಕೋದು ಎಂಬ ಪಟ್ಟಿ ಈಗಲೇ ಆಗುತ್ತದೆ. ಪಟ್ಟಿ ಒಮ್ಮೆ ಮೇಲಕ್ಕೆ ಹೋದರೆ ಮುಗೀತು, ಆಮೇಲೆ ಅದನ್ನು ತಿದ್ದೋದು ಯಾರ ಕೈಯಲ್ಲೂ ಇಲ್ಲ. ಅದಕ್ಕೇ ಮಳೆಗಾಲ ದೂರವಿರುವಾಗಲೇ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ನಮ್ಮ ಕಡೆಯ ಯಾವುದೇ ಇಳಿಜಾರಿನಲ್ಲಿ ಮಣ್ಣು ತೆಗೆಯುವ ಮೊದಲು ಆ ಜಾಗದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಊರವರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಇದೇನು ದೊಡ್ಡ ಬೇಡಿಕೆ ಅಲ್ಲ ಅಲ್ವಾ? ಆದರೂ ಇಷ್ಟು ಉದ್ದದ ಪತ್ರ ಬೇಕಾಯಿತು. ಯಾಕೆಂದರೆ ನಮ್ಮಂಥ ಊರು ಹೇಗೆ ಕಟ್ಟಿದ್ದು ಅನ್ನೋದು ಈಗ ಊರಿನ ಹುಡುಗರಿಗೇ ಪೂರ್ತಿ ಗೊತ್ತಿಲ್ಲ.

ನಮ್ಮೂರು ಅಘನಾಶಿನಿ ಕಣಿವೆಯ ಅಂಚಿನಲ್ಲಿದೆ. ಹೆಸರು ಬೇಡ. ಈ ಭಾಗದ ನೂರಾರು ಊರುಗಳದ್ದು ಇದೇ ರೂಪ. ಎಲ್ಲಕ್ಕಿಂತ ಮೇಲೆ ಕಾನು. ಹಗಲು ಹೊತ್ತಲ್ಲೂ ಅರೆಗತ್ತಲೆ ಇರುವ, ಎಲೆ ಉದುರದ ಕಾಡು. ಅದರೊಳಗೆ ಊರು ಕಾಯುವ ದೇವತೆ ಚೌಡಿಯ ಕಲ್ಲು ಇರುತ್ತದೆ. ಹಾಗಾಗಿ ಕೊಡಲಿ ಅಲ್ಲಿಗೆ ಹೋಗುತ್ತಿರಲಿಲ್ಲ. ಕಾನಿನ ಕೆಳಗೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟ, ಅದರ ಮಗ್ಗುಲಿಗೆ ದನ ಮೇಯುವ ಬ್ಯಾಣ. ಬೆಟ್ಟದ ಬುಡಕ್ಕೆ ಮನೆ, ಕೊಟ್ಟಿಗೆ, ಗೊಬ್ಬರಗುಂಡಿ. ಮನೆಯಿಂದ ಇಳಿದರೆ ಕಣಿವೆಯ ಹೊಟ್ಟೆಯಲ್ಲಿ ಅಡಿಕೆ ತೋಟ. ತೋಟದ ತಲೆಗೆ ಒಂದು ಕೆರೆ, ತೋಟದ ಕಾಲಿಗೆ ಗದ್ದೆ, ಗದ್ದೆಯಾಚೆ ಹಳ್ಳ.

ನೋಡಲು ಬರೀ ಹಸಿರು. ಆದರೆ ಇಲ್ಲಿ ಒಂದೊಂದು ಮಾರು ಜಾಗಕ್ಕೂ ಒಂದು ಕೆಲಸ ಇದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ. ಘಟ್ಟದ ಅಂಚಿಗೆ ಬಂದಂತೆ ಅದಕ್ಕಿಂತ ಜಾಸ್ತಿ. ಅಷ್ಟೂ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆ ನೀರನ್ನು ಹಿಡಿದಿಡಬೇಕು, ಹಾಗೇ ದಾರಿ ಮಾಡಿ ಕಳಿಸಲೂ ಬೇಕು. ಎರಡೂ ಆಗಬೇಕು. ಕಾನು ಹಿಡಿದಿಡುತ್ತದೆ. ಮಳೆ ನಿಂತು ತಿಂಗಳುಗಟ್ಟಲೆ ಆದರೂ ಕಾನಿನ ಬುಡದಲ್ಲಿ ಅಬ್ಬಿ ನೀರು, ಅಂದರೆ ಬೆಟ್ಟದ ಒರತೆ, ಸಣ್ಣಗೆ ಬರುತ್ತಲೇ ಇರುತ್ತದೆ. ಹಿಂದೆ ಆ ನೀರನ್ನು ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಮನೆಯ ಹಿತ್ತಿಲಿಗೆ ತರುತ್ತಿದ್ದರು. ಈಗ ಕಪ್ಪು ಪೈಪು ಬಂದಿದೆ. ಪಂಪು ಬೇಡ, ಕರೆಂಟು ಬೇಡ.

ಹೆಚ್ಚಾದ ನೀರನ್ನು ಕಳಿಸುವ ಕೆಲಸ ಕಾದಿಗೆಯದ್ದು. ಬಯಲುಸೀಮೆಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೋಟದಲ್ಲಿ ಮರಗಳ ಸಾಲಿನ ನಡುವೆ ತೋಡಿದ ಬಸಿಗಾಲುವೆಯೇ ಕಾದಿಗೆ. ಮೇಲಿಂದ ಕೆಳಗೆ ನೇರವಾಗಿ ತೋಡಿದರೆ ಮಣ್ಣು ಕೊಚ್ಚಿ ಹೋಗುತ್ತದೆ. ಅಡ್ಡ ತೋಡಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಹಾಗಾಗಿ ಓರೆಯಾಗಿ, ಕಂಡೂ ಕಾಣದಷ್ಟು ಇಳಿಜಾರು ಕೊಟ್ಟು ತೋಡುತ್ತಾರೆ. ಸಣ್ಣ ಕಾದಿಗೆಗಳೆಲ್ಲ ಒಂದು ದೊಡ್ಡ ಕಾದಿಗೆಗೆ ಸೇರುತ್ತವೆ, ಅದು ಗದ್ದೆಗೆ, ಗದ್ದೆ ಹಳ್ಳಕ್ಕೆ. ಮಳೆಗಾಲದ ಮುಂಚೆ ಹೂಳು ತೆಗೆದು, ಆ ಮಣ್ಣನ್ನು ಮರದ ಬುಡಕ್ಕೇ ಏರಿಸುತ್ತಾರೆ. ಆರಿದ್ರ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿ ಗುದ್ದಲಿ ಹಿಡಿದು ತೋಟ ಸುತ್ತುವವರು ನೀರಿನ ಸದ್ದು ಕೇಳಿಯೇ ಎಲ್ಲಿ ಕಟ್ಟಿಕೊಂಡಿದೆ ಅಂತ ಹೇಳಿಬಿಡುತ್ತಾರೆ. ಬಿದ್ದ ಒಂದು ಸೋಗೆ (ಅಡಿಕೆ ಗರಿ) ಸಾಕು, ನೀರು ಬೇರೆ ದಾರಿ ಹಿಡಿಯಲು.

ಈ ಏರ್ಪಾಡು ನಿನ್ನೆ ಮೊನ್ನೆಯದ್ದಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೆದದ್ದು ಈ ಘಟ್ಟಗಳ ಕಾಳುಮೆಣಸಿನ ವ್ಯಾಪಾರದಿಂದಲೇ. ಶಿರಸಿ ಹತ್ತಿರದ ಸೋದೆಯ ಅರಸರ ಬೊಕ್ಕಸಕ್ಕೂ ಈ ತೋಟಗಳಿಂದ ಹಣ ಬಂತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಈ ಸೀಮೆ ನೋಡಿಕೊಂಡು ಬಾ ಅಂತ ಕಳಿಸಿದರು. ಅವನು 1801ರಲ್ಲಿ ಸೋದೆ, ಶಿರಸಿ ಹಾದು ಹೋದ. ಅಡಿಕೆ, ಮೆಣಸು, ವೀಳ್ಯದೆಲೆ ಒಟ್ಟಿಗೆ ಬೆಳೆಯುವ ಹವ್ಯಕ ಬ್ರಾಹ್ಮಣರ ತೋಟಗಳ ಬಗ್ಗೆ ವಿವರವಾಗಿ ಬರೆದಿಟ್ಟ. ಇವತ್ತು ಅವನನ್ನು ತಂದು ನಮ್ಮ ತೋಟದಲ್ಲಿ ನಿಲ್ಲಿಸಿದರೆ, ಸ್ಪ್ರಿಂಕ್ಲರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಗುರುತು ಹಿಡಿಯುತ್ತಿದ್ದ.

ಆದರೆ ಹವ್ಯಕರೊಬ್ಬರೇ ಕಟ್ಟಿದ ಊರು ಇದಲ್ಲ. ಇದನ್ನು ಒತ್ತಿ ಹೇಳಬೇಕು. ಗದ್ದೆಯ ಬದುಗಳನ್ನು ಎಬ್ಬಿಸಿದವರು, ಕೆರೆಯ ಮಣ್ಣು ಹೊತ್ತವರು, ಮರ ಏರಿ ಕೊನೆ ಇಳಿಸಿದವರು ನಾಮಧಾರಿಗಳು, ಕರಿಒಕ್ಕಲಿಗರು, ಇನ್ನೂ ಹಲವು ಕೇರಿಯವರು. ಅವರಲ್ಲಿ ಎಷ್ಟೋ ಜನರ ಹೆಸರು ದಾಖಲೆಗೆ ಬಂದದ್ದು 1974ರ ಭೂಸುಧಾರಣೆಯ ನಂತರ, ಗೇಣಿ ಜಮೀನು ಸ್ವಂತದ್ದಾದಾಗ. ನೀರಿನ ದಾರಿ ಕೇಳಲು ಹೋದರೆ ತೋಟದ ಯಜಮಾನರನ್ನಷ್ಟೇ ಕೇಳಿ ಬರಬೇಡಿ. ಮರ ಏರಿ ಕೊನೆ ಕೊಯ್ಯುವ ಕೊನೆಗೌಡ ಮರದ ತುದಿಯಿಂದ ಇಡೀ ಕಣಿವೆ ನೋಡಿದವನು.

ಇನ್ನು ಬೆಟ್ಟದ ಕಥೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅದರ ಬೆನ್ನಿಗೇ ಕಾಡನ್ನೆಲ್ಲ ಸರ್ಕಾರಿ ಮಾಡುವ ಕಾನೂನುಗಳು ಬಂದವು. ಸೊಪ್ಪು ಕಡಿದರೆ ದಂಡ, ದರಕು (ಉದುರಿದ ಒಣ ಎಲೆ) ಗುಡಿಸಿದರೆ ಕೇಸು. ಸೊಪ್ಪಿಲ್ಲದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ತೋಟ ಇಲ್ಲ. 1880ರ ದಶಕದಲ್ಲಿ ಇಲ್ಲಿನ ರೈತರು ವನದುಃಖ ನಿವಾರಿಣಿ ಸಭೆ ಕಟ್ಟಿಕೊಂಡು ಅಹವಾಲು ಹೇಳಿದರು. ಕಾಡಿನಿಂದ ದುಃಖ ಆಗಿದೆ, ಪರಿಹರಿಸಿ ಅಂತ ಸಭೆಯ ಹೆಸರಲ್ಲೇ ಅರ್ಜಿ! ಎಳೆದಾಡಿ ಕೊನೆಗೆ ಉಳಿದುಕೊಂಡ ಲೆಕ್ಕ ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆ ಸೊಪ್ಪಿನ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು, ದರಕು, ಹುಲ್ಲಿನ ಸವಲತ್ತು ತೋಟದವರದ್ದು.

ಈ 9 ಎಕರೆ ಸುಮ್ನೆ ಬಂದ ಅಂಕಿ ಅಲ್ಲ. ಮರ ಸಾಯದ ಹಾಗೆ, ಸರದಿ ಪ್ರಕಾರ ಸೊಪ್ಪು ಕಡಿದು ತೋಟಕ್ಕೆ ಹಾಕಲು ಅಷ್ಟು ಜಾಗ ಬೇಕು. ಅದರ ಇನ್ನೊಂದು ಅರ್ಥ ಹೆಚ್ಚು ಜನ ಗಮನಿಸಿಲ್ಲ. ಪ್ರತಿ ತೋಟದ ನೆತ್ತಿಯ ಮೇಲೆ ಅದರ ಒಂಬತ್ತು ಪಟ್ಟು ನೆಲದಲ್ಲಿ ಮರದ ಬೇರುಗಳು ಇರಬೇಕು ಅಂತ ಕಾಗದದಲ್ಲೇ ಆಯಿತು. ಇಳಿಜಾರನ್ನು ಹಿಡಿದದ್ದು ಅದೇ. ಈಗ ಅದೇ ಬೆಟ್ಟ ಎಷ್ಟೋ ಪಹಣಿಗಳಲ್ಲಿ 'ಬ ಖರಾಬ', ಅಂದರೆ ಸಾಗುವಳಿಗೆ ಬಾರದ ಸಾರ್ವಜನಿಕ ಜಾಗ, ಆಗಿದೆ. ಖರಾಬು ಅಂತ ಬರೆದ ಜಾಗವನ್ನು ಜೋಪಾನ ಮಾಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಈ ನೆಲಕ್ಕಾಗಿ ಜನ ಏನೆಲ್ಲ ಮಾಡಿದ್ದಾರೆ ಅನ್ನೋದಕ್ಕೆ ಎರಡು ನೆನಪು ಸಾಕು. 1930ರ ದಶಕದ ಶುರುವಿನಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕಿನ ರೈತರು ಕಂದಾಯ ಕಟ್ಟಲಿಲ್ಲ. ಜಮೀನು, ದನ, ಪಾತ್ರೆ ಎಲ್ಲ ಜಪ್ತಿಯಾಯಿತು. ಜಪ್ತಿ ಮಾಲು ಕೊಂಡವರ ಮನೆ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು, ಅದೂ ಮಳೆಯಲ್ಲಿ. ಐವತ್ತು ವರ್ಷ ಆದ ಮೇಲೆ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿ ಕಡೆಯ ಜನ ಕಳಾಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಅಲ್ಲಿಂದ ಶುರುವಾಯಿತು. ಕಾಡು ಕಡಿದರೆ ಹಳ್ಳ ಬತ್ತುತ್ತದೆ ಅಂತ ಅವರಿಗೆ ಯಾರೂ ಭಾಷಣ ಮಾಡಿ ಹೇಳಬೇಕಿರಲಿಲ್ಲ. ಅವರ ತೋಟದ ನೀರಿನ ಮಾತು ಅದು.

ಇಷ್ಟೆಲ್ಲ ಹೇಳಿದ್ದು ಮುಂದಿನ ಮಾತಿಗಾಗಿ.

2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿತು. ಅಡಿಕೆ ಮರ ನಿಂತಲ್ಲಿಂದಲೇ ತೋಟಕ್ಕೆ ತೋಟವೇ ಕೆಳಗೆ ಹೋಯಿತು. ರಸ್ತೆ ಹೋಯಿತು, ಮನೆಗಳು ಹೋದವು. ನಮಗೆ ಬೇರೆ ಕಡೆ ಜಾಗ ಕೊಡಿ ಅಂತ ಊರವರೇ ಕೇಳುವ ಹಾಗಾಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತು. ಚಹಾದಂಗಡಿ, ಲಾರಿ, ಮನುಷ್ಯರು ಎಲ್ಲ ಗಂಗಾವಳಿಯ ಪಾಲು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಆ ಗಂಗಾವಳಿ ಎಂದರೆ ಘಟ್ಟದ ಮೇಲಿನ ನಮ್ಮ ಬೇಡ್ತಿಯೇ. ಎರಡು ವಾರದ ನಂತರ, ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲ ಹೇಗೆ ಕೊಚ್ಚಿ ಹೋದವು ಅಂತ ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ.

ಮೂರರ ತಾರೀಖು ನೋಡಿ. ಮೂರೂ ಪುನರ್ವಸು, ಪುಷ್ಯ ಮಳೆಯ ದಿನಗಳು. ಅಷ್ಟೊತ್ತಿಗೆ ನೆಲ ಒಂದೂವರೆ ತಿಂಗಳ ನೀರು ಕುಡಿದಿರುತ್ತದೆ. ನಮ್ಮ ಗುಡ್ಡಗಳಲ್ಲಿ ಮೇಲುಗಡೆ ಚಿರೆಕಲ್ಲಿನ (ಜಂಬಿಟ್ಟಿಗೆ) ಗಟ್ಟಿ ಪದರ, ಅದರ ಕೆಳಗೆ ಮೆತ್ತಗಿನ ಶೇಡಿ ಮಣ್ಣು. ಬಾವಿ ತೋಡಿದವರಿಗೆಲ್ಲ ಇದು ಗೊತ್ತು. ಚಿರೆಕಲ್ಲಿನ ತೂತುಗಳಲ್ಲಿ ನೀರು ಇಳಿಯುತ್ತದೆ, ಶೇಡಿ ಅದನ್ನು ಬೇಗ ಬಿಡುವುದಿಲ್ಲ. ಒಳಗೆ ನೀರಿನ ಭಾರ ಏರುತ್ತದೆ. ಬುಡದಲ್ಲಿ ಮಣ್ಣು ಇರುವವರೆಗೆ ಗುಡ್ಡ ತಡೆದುಕೊಳ್ಳುತ್ತದೆ. ನಾವು ಆ ಬುಡವನ್ನೇ ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ಅಲ್ಲಿ ರಸ್ತೆಯನ್ನೋ ಅಂಗಳವನ್ನೋ ಮಾಡುತ್ತೇವೆ. ಮೊದಲನೇ ವರ್ಷ ಏನೂ ಆಗುವುದಿಲ್ಲ. ಎರಡನೇ ವರ್ಷವೂ ಆಗದೇ ಇರಬಹುದು. ಆಗ ಕಡಿದವರು, ನೋಡಿ ಏನಾಯ್ತು, ಸುಮ್ನೆ ಹೆದರಿಸಿದಿರಿ ಅಂತಾರೆ.

ನಮ್ಮೂರಿನ ದಾರಿಯನ್ನು ಕೆಲವು ವರ್ಷಗಳ ಹಿಂದೆ ಅಗಲ ಮಾಡಿದರು. ರಸ್ತೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಹೆರಿಗೆಗೆ ಕಂಬಳಿಯಲ್ಲಿ ಹೊತ್ತು ಒಯ್ದ ಕಾಲ ನೋಡಿದವರು ನಾವು, ರಸ್ತೆ ಬೇಡ ಅನ್ನುವಷ್ಟು ಸೊಕ್ಕು ನಮಗಿಲ್ಲ. ಆದರೆ ಗುತ್ತಿಗೆದಾರರ ಕಡೆಯವರು ಕಡಿದ ಮಣ್ಣನ್ನೆಲ್ಲ ಕೆಳಗಿನ ಹಳ್ಳದ ತಲೆಗೆ ಸುರಿದು ಹೋದರು. ಹತ್ತಿರದಲ್ಲಿ ಸುರಿದರೆ ಟಿಪ್ಪರ್ ಬಾಡಿಗೆ ಉಳಿಯುತ್ತದಲ್ಲ. ಮುಂದಿನ ಮಳೆಗಾಲದಲ್ಲಿ ಆ ಮಣ್ಣು ಕೆರೆಗೆ ಬಂತು, ಕೆರೆಯಿಂದ ತೋಟಕ್ಕೆ. ಕಾದಿಗೆಗಳು ಕೆಂಪು ರಾಡಿಯಿಂದ ತುಂಬಿ ಮುಚ್ಚಿಯೇ ಹೋದವು. ರಸ್ತೆಯ ಅಂದಾಜುಪಟ್ಟಿಯಲ್ಲಿ ಡಾಂಬರಿಗೆ, ಜಲ್ಲಿಗೆ, ಮೋರಿಗೆ ಲೆಕ್ಕ ಇತ್ತು. ಮಣ್ಣು ಎಲ್ಲಿ ಹಾಕಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಬರೀ ನಿಮ್ಮ ಕಡೆಗೇ ಬೆರಳು ಮಾಡಿದರೆ ಅನ್ಯಾಯವಾದೀತು. ಅಡಿಕೆಗೆ ರೇಟು ಬಂದ ಮೇಲೆ ನಮ್ಮವರೂ ಕಡಿಮೆ ಮಾಡಿಲ್ಲ. ಗದ್ದೆಗೆಲ್ಲ ಅಡಿಕೆ ಸಸಿ ಬಂತು. ಗದ್ದೆ ಅಂದರೆ ಮಳೆಗಾಲದಲ್ಲಿ ನೀರು ಬಂದು ನಿಂತು ಹೋಗುವ ಚಾವಡಿ. ಅದನ್ನು ಮಣ್ಣು ಏರಿಸಿ ತೋಟ ಮಾಡಿದರೆ ನೀರು ಕೂರಲು ಜಾಗ ಎಲ್ಲಿ? ಇನ್ನು ಕೆಲವರು ಬೆಟ್ಟದ ಬುಡವನ್ನೇ ಮೆಟ್ಟಿಲು ಮಾಡಿ ತೋಟ ಏರಿಸುತ್ತಿದ್ದಾರೆ. ಸೊಪ್ಪು ಕಡಿಯಲು ಆಳು ಸಿಗದೆ ಬೆಟ್ಟದ ಕಡೆ ತಲೆ ಹಾಕಿಯೂ ಮಲಗದವರು ಒಂದಿಷ್ಟು ಜನ. ಕಡಿದು ಕಡಿದು ಮರಗಳನ್ನು ಬೋಳು ಕಂಬ ಮಾಡಿಟ್ಟವರು ಇನ್ನೊಂದಿಷ್ಟು ಜನ. ಬ್ಯಾಣದಲ್ಲಿ ಅಕೇಶಿಯಾ ಬಂದು ಕೂತಿದೆ. ಅದರ ದರಕು ಬೇಗ ಕರಗುವುದೂ ಇಲ್ಲ, ಅಡಿಯಲ್ಲಿ ಹುಲ್ಲು ಬೆಳೆಯಲು ಬಿಡುವುದೂ ಇಲ್ಲ. ಹಾಗಾಗಿಯೇ ಈ ಪತ್ರದ ಮೇಲೆ ಊರವರಿಗೆ ಎಂದೂ ಬರೆದಿದ್ದೇನೆ.

ಈಗ ಇಂಗುಗುಂಡಿಯ ವಿಷಯ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ನೀರಿಂಗಿಸುವುದು ಪುಣ್ಯದ ಕೆಲಸ, ಉದ್ಯೋಗ ಖಾತ್ರಿ ಕೆಲಸದಲ್ಲಿ ಜನರಿಗೆ ಕೂಲಿಯೂ ಸಿಗುತ್ತದೆ. ಒಪ್ಪಿದೆ. ನಮ್ಮ ಬ್ಯಾಣಗಳಲ್ಲಿ, ಇಳಿಜಾರು ಕಡಿಮೆ ಇರುವ ಕಡೆ, ಕೆರೆಗಳ ಮೇಲ್ಗಡೆ ಅದು ಒಳ್ಳೆಯದೇ. ಆದರೆ ಬಯಲಿನ ಹಾವೇರಿಗೆ ಹೊಂದುವ ಅಳತೆಯ ಗುಂಡಿಯನ್ನು ಘಟ್ಟದ ಕಡಿದಾದ ಇಳಿಜಾರಿನಲ್ಲಿ, ಅದೂ ಮನೆಯ ಬೆನ್ನಿಗೇ ಸಾಲಾಗಿ ತೋಡಿದರೆ, ಶೇಡಿ ಮಣ್ಣಿಗೆ ನಾವೇ ಕೈಯಾರೆ ನೀರು ಕುಡಿಸಿದ ಹಾಗೆ. ಅಂಥ ಕಡೆ ನೀರನ್ನು ನಿಲ್ಲಿಸದೆ ಬೇಗ ಪಕ್ಕಕ್ಕೆ ದಾಟಿಸಬೇಕು. ಹಳಬರು ಮನೆಯ ಹಿಂದಿನ ಧರೆಯ (ಕಡಿದ ಗುಡ್ಡದ ಗೋಡೆಯ) ನೆತ್ತಿಗೆ ಒಂದು ಕಾಲುವೆ ತೋಡಿ ನೀರನ್ನು ಸುತ್ತಿಸಿ ಕಳಿಸುತ್ತಿದ್ದದ್ದು ಇದಕ್ಕೇ. ಎಷ್ಟೋ ಮನೆಗಳಲ್ಲಿ ಆ ಕಾಲುವೆ ಈಗ ಸೋಗೆ, ಪ್ಲಾಸ್ಟಿಕ್ ತುಂಬಿ ಮುಚ್ಚಿದೆ. ಹೊಸ ಗುಂಡಿ ತೋಡುವ ದುಡ್ಡಲ್ಲಿ ಅದನ್ನು ತೆಗೆಸಿದರೆ ಸಾಕು.

ನಿಮ್ಮ ಕೈಯಲ್ಲಿ ಅಧಿಕಾರ ಇಲ್ಲ ಅಂತ ಮಾತ್ರ ಹೇಳಬೇಡಿ. ಹಳ್ಳಿಯಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವುದು ಪಂಚಾಯಿತಿ. ಆ ಅರ್ಜಿಯಲ್ಲಿ ಎರಡು ಪ್ರಶ್ನೆ ಸೇರಿಸಿ: ಧರೆ ಎಷ್ಟು ಎತ್ತರ ಕಡಿಯುತ್ತೀರಿ, ಕಡಿದ ಮಣ್ಣು ಎಲ್ಲಿಗೆ ಹಾಕುತ್ತೀರಿ. ಉತ್ತರ ಬರೆಯಲು ಕೂತಾಗಲೇ ಅರ್ಧ ಜನ ಯೋಚನೆ ಮಾಡುತ್ತಾರೆ.

ಇನ್ನೊಂದು ಸಾಧನ ನಿಮ್ಮ ಕಪಾಟಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಊರವರನ್ನು ಕೇಳಿ ಬರೆದ ಒಂದು ದಾಖಲಾತಿ ಇರಬೇಕು. ಅದರಲ್ಲಿ ಅಪ್ಪೆಮಿಡಿ ಎಷ್ಟು ಬಗೆ, ಔಷಧಿ ಗಿಡ ಯಾವುವು ಎಂಬುದೆಲ್ಲ ಬರುತ್ತದೆ, ಬರಲಿ. ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಮಪತ್ರೆ ಮರಗಳ ಜಡ್ಡಿಯ (ಜೌಗು ನೆಲದ) ನಡುವೆ ಸಿಕ್ಕ ಗೇರಿನ ಜಾತಿಯ ಮರವೊಂದಕ್ಕೆ ವಿಜ್ಞಾನಿಗಳು ಆ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ಅಂಥ ಜಡ್ಡಿ ಉಳಿದದ್ದು ಅಲ್ಲಿ ವರ್ಷವಿಡೀ ನೀರು ಹರಿಯುವುದರಿಂದ. ಹಾಗಾದರೆ ಮರ, ಪ್ರಾಣಿಗಳ ಜೊತೆ ನೀರಿನ ದಾರಿಯೂ ಅದೇ ಪುಸ್ತಕದಲ್ಲಿ ಬರಲಿ. ಯಾವ ಕಾನಿನಿಂದ ಯಾವ ಅಬ್ಬಿ, ಯಾವ ಅಬ್ಬಿಯಿಂದ ಯಾವ ಕೆರೆ, ಯಾವ ಹಳ್ಳ ಎಲ್ಲಿ ತಿರುಗುತ್ತದೆ. ಬೇಸಿಗೆಯಲ್ಲಿ ಒಣಗಿ ಮಳೆಗಾಲದಲ್ಲಷ್ಟೇ ಏಳುವ ಒರತೆಗಳನ್ನೂ ಬಿಡಬೇಡಿ. ಸರ್ವೆ ನಕ್ಷೆಯಲ್ಲಿ ಅವು ಇಲ್ಲ. ಜೆಸಿಬಿಯವರು ಬರುವುದು ಬೇಸಿಗೆಯಲ್ಲಿ. ಆಗ ಆ ಜಾಗ ಒಣಗಿದ ತಗ್ಗಿನಂತೆ ಕಾಣುತ್ತದೆ, ಮಣ್ಣು ತುಂಬಲು ಹೇಳಿ ಮಾಡಿಸಿದ ಹಾಗೆ.

ಅಪಾಯದ ಗುರುತುಗಳನ್ನೂ ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆಸಿ, ಶಾಲೆಯ ಗೋಡೆ ಮೇಲೂ ಬರೆಸಿ. ನೆಟ್ಟಗಿದ್ದ ಮರ, ಕರೆಂಟು ಕಂಬ ಓರೆಯಾದರೆ. ಬೆಟ್ಟದಲ್ಲಿ ಅರ್ಧಚಂದ್ರದ ಹಾಗೆ ಬಿರುಕು ಕಂಡರೆ. ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಂಡರೆ. ಹಿಂದೆಂದೂ ಇಲ್ಲದ ಕಡೆ ಅಂಗಳದಲ್ಲಿ ಜಲ ಎದ್ದರೆ. ಎಲ್ಲಕ್ಕಿಂತ ಮುಖ್ಯ, ಜೋರು ಮಳೆ ಹೊಯ್ಯುತ್ತಿದ್ದರೂ ಹಳ್ಳದ ನೀರು ಒಮ್ಮೆಲೇ ಕಡಿಮೆಯಾದರೆ, ಇಲ್ಲವೇ ತಿಳಿ ನೀರು ಕೆಂಪಾದರೆ. ಮೇಲೆ ಎಲ್ಲೋ ಮಣ್ಣು ಬಿದ್ದು ಹಳ್ಳ ಕಟ್ಟಿಕೊಂಡಿದೆ ಅಂತ ಅರ್ಥ. ಆಗ ಅಡಿಕೆ ಚೀಲ, ಕೊಟ್ಟಿಗೆ ಅಂತ ನೋಡುತ್ತ ನಿಲ್ಲಬಾರದು. ದನದ ಕಣ್ಣಿ ಬಿಚ್ಚಿ, ಮಕ್ಕಳು ಮುದುಕರನ್ನು ಕರೆದುಕೊಂಡು, ಹಳ್ಳದ ದಾರಿ ಬಿಟ್ಟು ಪಕ್ಕದ ದಿಬ್ಬಕ್ಕೆ ಹೋಗಬೇಕು. ಯಾರ ಮನೆಯವರು ಯಾವ ದಿಬ್ಬಕ್ಕೆ ಅಂತ ಊರೂರಿನಲ್ಲಿ ಮೊದಲೇ ಮಾತಾಗಿರಬೇಕು. ಇದಕ್ಕೆ ಅನುದಾನ ಬೇಕಿಲ್ಲ.

ನಮ್ಮ ಕೇರಿಯ ಹಿರಿಯರು, ಹೆಂಗಸರು, ಕೊನೆ ಕೊಯ್ಯುವವರು ಸೇರಿ ನಮ್ಮ ಕಣಿವೆಯ ನೀರಿನ ದಾರಿಯನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆಯುತ್ತಿದ್ದೇವೆ. ಯುಗಾದಿಯೊಳಗೆ ಅದರ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ರಸ್ತೆಯ ಇಂಜಿನಿಯರ್ ಅವರ ಮೇಜಿಗೂ ಒಂದು ಪ್ರತಿ ಕಳಿಸಿ. ಬೇರೆ ಊರವರೂ ಬರೆಯಲಿ, ಗ್ರಾಮಸಭೆಯಲ್ಲಿ ಓದಿ ಠರಾವು ಮಾಡಿ.

ಮತ್ತೊಂದು ಕೇಳಿಕೆ. ಸ್ಥಳ ಪರಿಶೀಲನೆಗೆ ಏಪ್ರಿಲ್‌ನಲ್ಲಿ ಒಮ್ಮೆ ಬಂದರೆ ಸಾಲದು, ಪುಷ್ಯ ಮಳೆಯಲ್ಲೂ ಒಂದು ದಿನ ಬನ್ನಿ. ಜೀಪು ಕೆರೆ ಏರಿಯವರೆಗೆ ಬರುತ್ತದೆ, ಅಲ್ಲಿಂದ ನಡೆಯಬೇಕು. ಬೂಟು ಬೇಡ, ಜಾರುತ್ತದೆ. ಉಂಬಳಗಳಿಗೆ (ಜಿಗಣೆ) ಹಚ್ಚಲು ಸುಣ್ಣ, ತಂಬಾಕು ನಮ್ಮಲ್ಲಿದೆ. ಮಧ್ಯಾಹ್ನದ ಊಟ ನಮ್ಮನೆಯಲ್ಲೇ, ಅಪ್ಪೆಹುಳಿ ಮಾಡಿಸಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಶಿರಸಿ ಸೀಮೆಯ ಒಬ್ಬ ತೋಟಿಗ